416 ಕೋಟಿ, 454 ಕೋಟಿ: ಭೂಮಿಯ ವಯಸ್ಸಿನ ಲೆಕ್ಕದಲ್ಲಿ ಯಾವುದು ಬದಲಾಗುತ್ತಿದೆ, ಯಾವುದು ಇಲ್ಲ

2025ರ ಜೂನ್‌ನಲ್ಲಿ ಕೆನಡಾದಿಂದ ಒಂದು ಸುದ್ದಿ ಬಂತು. ಕ್ವಿಬೆಕ್ ಪ್ರಾಂತ್ಯದ ಉತ್ತರದಲ್ಲಿ, ಹಡ್ಸನ್ ಕೊಲ್ಲಿಯ ಪೂರ್ವ ದಡದ ನುವ್ವುಆಗಿಟ್ಟುಕ್ ಎಂಬಲ್ಲಿನ ಕೆಲವು ಕಲ್ಲುಗಳಿಗೆ 416 ಕೋಟಿ ವರ್ಷ ವಯಸ್ಸಾಗಿದೆ ಎಂದು ಒಟ್ಟಾವಾ ವಿಶ್ವವಿದ್ಯಾಲಯದ ಜೊನಾಥನ್ ಓನೀಲ್ ಮತ್ತು ಸಂಗಡಿಗರು 'ಸೈನ್ಸ್' ಪತ್ರಿಕೆಯಲ್ಲಿ ಬರೆದರು. 'ಭೂಮಿಯ ಅತಿ ಹಳೆಯ ಕಲ್ಲು' ಎಂದು ಸುದ್ದಿ ಎಲ್ಲ ಕಡೆ ಹರಡಿತು.

ಓದಿದವರಿಗೆ ಗೊಂದಲ ಆಗಿದ್ದರೆ ಅದು ಸಹಜ. ಇದೇ ಜಾಗದ ಕಲ್ಲಿಗೆ 2008ರಲ್ಲಿ 428 ಕೋಟಿ ವರ್ಷ ಎಂದಿದ್ದರು. ಬೇರೆ ಕೆಲವರು ಅಷ್ಟೇನೂ ಇಲ್ಲ, 380 ಕೋಟಿಯ ಒಳಗೇ ಎಂದು ವಾದಿಸಿದರು. ಈಗ 416 ಕೋಟಿ. ಶಾಲೆಯ ಪುಸ್ತಕದಲ್ಲಿ ಮಾತ್ರ ಭೂಮಿಯ ವಯಸ್ಸು 454 ಕೋಟಿ ಎಂದೇ ಇದೆ. ಹಾಗಾದರೆ ಇವರಿಗೇ ಖಾತ್ರಿ ಇಲ್ಲ ಅಲ್ವಾ? ಇವತ್ತು ಒಂದು ಸಂಖ್ಯೆ, ನಾಳೆ ಇನ್ನೊಂದು?

ಇಲ್ಲಿ ಎರಡು ಬೇರೆ ಪ್ರಶ್ನೆಗಳು ಕಲಸಿಹೋಗಿವೆ. ಒಂದು ಕಲ್ಲು ಯಾವಾಗ ಗಟ್ಟಿಯಾಯಿತು ಎಂಬುದು ಒಂದು ಪ್ರಶ್ನೆ. ಭೂಮಿ ಯಾವಾಗ ಹುಟ್ಟಿತು ಎಂಬುದು ಇನ್ನೊಂದು. ಮೊದಲನೆಯದರ ಉತ್ತರ ಇನ್ನೂ ಬದಲಾಗುತ್ತಿದೆ. ಎರಡನೆಯದು ಸುಮಾರು 70 ವರ್ಷದಿಂದ ಹೆಚ್ಚುಕಡಿಮೆ ಅಲ್ಲೇ ನಿಂತಿದೆ. ಅದು ಯಾಕೆ ನಿಂತಿತು ಎಂದು ತಿಳಿಯಬೇಕಾದರೆ, ಅದಕ್ಕೆ ಮೊದಲಿನ ಲೆಕ್ಕಗಳು ಯಾಕೆ ಬಿದ್ದವು ಎಂದು ನೋಡಬೇಕು. ಅವು ಬಿದ್ದಿದ್ದು ಗುಣಿಸುವುದರಲ್ಲಿ, ಭಾಗಿಸುವುದರಲ್ಲಿ ತಪ್ಪಿದ್ದರಿಂದ ಅಲ್ಲ. ಲೆಕ್ಕ ಶುರುವಾಗುವ ಮೊದಲೇ ಯಾರೂ ಪ್ರಶ್ನಿಸದೆ ಒಪ್ಪಿಕೊಂಡ ಒಂದು ಊಹೆಯಿಂದ.

ಗ್ರಂಥದಿಂದ ಕಬ್ಬಿಣದ ಗುಂಡಿಗೆ

1650ರಲ್ಲಿ ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಶರ್, ಸೃಷ್ಟಿ ನಡೆದದ್ದು ಕ್ರಿಸ್ತಪೂರ್ವ 4004ರಲ್ಲಿ ಎಂದು ಲೆಕ್ಕ ಹಾಕಿದರು. ಬೈಬಲ್ಲಿನ ವಂಶಾವಳಿಗಳನ್ನು ಹಳೆಯ ರಾಜರ ಕಾಲಕ್ಕೆ ಜೋಡಿಸಿ ಮಾಡಿದ ಶ್ರದ್ಧೆಯ ಕೆಲಸ ಅದು. ಆ ಕಾಲಕ್ಕೆ ಹಳೆಯದನ್ನು ತಿಳಿಯಲು ಬರಹ ಬಿಟ್ಟರೆ ಬೇರೆ ದಾರಿ ಇರಲಿಲ್ಲ.

ಬರಹ ಬಿಟ್ಟು ವಸ್ತುವನ್ನೇ ಕೇಳಿದವರಲ್ಲಿ ಫ್ರಾನ್ಸಿನ ಬ್ಯೂಫಾನ್ ಮುಖ್ಯರು. ಭೂಮಿ ಒಂದು ಕಾಲಕ್ಕೆ ಕೆಂಡದಂತಿತ್ತು, ಆಮೇಲೆ ಆರಿತು ಎಂದು ಅವರು ನಂಬಿದ್ದರು. ಬೇರೆ ಬೇರೆ ಗಾತ್ರದ ಕಬ್ಬಿಣದ ಗುಂಡುಗಳನ್ನು ಕಾಯಿಸಿ, ಅವು ಆರಲು ಎಷ್ಟು ಹೊತ್ತು ಬೇಕು ಎಂದು ಅಳೆದರು. ಅದನ್ನೇ ಭೂಮಿಯ ಗಾತ್ರಕ್ಕೆ ಹಿಗ್ಗಿಸಿದರು. 1778ರಲ್ಲಿ ಅವರು ಅಚ್ಚು ಹಾಕಿಸಿದ ಉತ್ತರ 74,832 ವರ್ಷ. ಅಚ್ಚಾಗದ ಹಸ್ತಪ್ರತಿಯಲ್ಲಿ 30 ಲಕ್ಷ ವರ್ಷದವರೆಗೂ ಹೋಗಿದ್ದರು. ಭೂಮಿಯ ವಯಸ್ಸನ್ನು ಪ್ರಯೋಗ ಮಾಡಿ ತಿಳಿಯಬಹುದು ಎಂಬ ಧೈರ್ಯ ಇಲ್ಲಿಂದ ಗಟ್ಟಿಯಾಯಿತು.

ಸಂಖ್ಯೆಯನ್ನೇ ಹೇಳದ ಹಟ್ಟನ್

ಸ್ಕಾಟ್‌ಲೆಂಡಿನ ಜೇಮ್ಸ್ ಹಟ್ಟನ್ ಬೇಸಾಯ ಮಾಡಿದವರು. ಮಳೆ ಬಂದಾಗಲೆಲ್ಲ ಹೊಲದ ಮಣ್ಣು ಕೊಚ್ಚಿ ಸಮುದ್ರ ಸೇರುವುದನ್ನು ಕಂಡಿದ್ದರು. ಹೀಗೇ ಹೋದರೆ ನೆಲವೇ ಉಳಿಯಬಾರದು. ಆದರೂ ಉಳಿದಿದೆ. ಅಂದರೆ ಸಮುದ್ರದ ತಳ ಸೇರಿದ ಮಣ್ಣು ಕಲ್ಲಾಗಿ, ಒಳಗಿನ ಶಾಖದಿಂದ ಮತ್ತೆ ಮೇಲೇಳಬೇಕು. ಇದು ಅವರ ವಾದ.

1788ರಲ್ಲಿ ಗೆಳೆಯರಾದ ಜಾನ್ ಪ್ಲೇಫೇರ್ ಮತ್ತು ಜೇಮ್ಸ್ ಹಾಲ್ ಜೊತೆ ದೋಣಿಯಲ್ಲಿ ಹೋದಾಗ, ಸಿಕ್ಕರ್ ಪಾಯಿಂಟ್ ಎಂಬ ಕಡಲ ಬಂಡೆಯಲ್ಲಿ ಅದಕ್ಕೆ ಸಾಕ್ಷಿ ಸಿಕ್ಕಿತು. ಕೆಳಗಿನ ಕಲ್ಲಿನ ಪದರಗಳು ನೆಟ್ಟಗೆ ನಿಂತಿವೆ. ಅವುಗಳ ತಲೆ ಸವೆದು ಸಮನಾಗಿದೆ. ಅದರ ಮೇಲೆ ಕೆಂಪು ಮರಳುಗಲ್ಲಿನ ಪದರಗಳು ಸ್ವಲ್ಪವೇ ವಾಲಿಕೊಂಡು ಮಲಗಿವೆ. ಇಷ್ಟು ಆಗಬೇಕಾದರೆ ಮೊದಲು ಕೆಸರು ಕೂಡಬೇಕು, ಕಲ್ಲಾಗಬೇಕು, ಮಡಚಿ ನೆಟ್ಟಗಾಗಬೇಕು, ಮೇಲೇಳಬೇಕು, ಸವೆಯಬೇಕು. ಆಮೇಲೆ ಮತ್ತೆ ಮರಳು ಕೂಡಬೇಕು, ಕಲ್ಲಾಗಬೇಕು, ಮತ್ತೆ ಮೇಲೇಳಬೇಕು. ಕೆಲವು ಸಾವಿರ ವರ್ಷದಲ್ಲಿ ಆಗುವ ಮಾತಲ್ಲ. ಆ ಎರಡು ಕಲ್ಲುಗಳ ನಡುವೆ ಸುಮಾರು 6.5 ಕೋಟಿ ವರ್ಷದ ಅಂತರ ಇದೆ ಎಂದು ಇವತ್ತು ಗೊತ್ತು.

ಹಟ್ಟನ್ ಮಾತ್ರ ಸಂಖ್ಯೆ ಕೊಡಲಿಲ್ಲ. ಆರಂಭದ ಗುರುತೂ ಕಾಣದು, ಅಂತ್ಯದ ಸೂಚನೆಯೂ ಕಾಣದು ಎಂದಷ್ಟೇ ಬರೆದರು. 1830ರ ದಶಕದಲ್ಲಿ ಭೂವಿಜ್ಞಾನಿ ಚಾರ್ಲ್ಸ್ ಲಯೆಲ್ ಈ ಯೋಚನೆಯನ್ನು ಇನ್ನಷ್ಟು ಬೆಳೆಸಿದರು. ಇಂದು ನಡೆಯುವ ನಿಧಾನದ ಕೆಲಸಗಳೇ ಹಿಂದೆಯೂ ಭೂಮಿಯನ್ನು ರೂಪಿಸಿದವು, ಕಾಲ ಬೇಕಾದಷ್ಟಿದೆ. ಇದರಲ್ಲಿ ದೊಡ್ಡ ಸತ್ಯ ಇತ್ತು. ಆದರೆ 'ಬೇಕಾದಷ್ಟು' ಎಂಬುದು ಅಳತೆ ಅಲ್ಲ. 1859ರಲ್ಲಿ ಚಾರ್ಲ್ಸ್ ಡಾರ್ವಿನ್ ತಮ್ಮ 'ಆರಿಜಿನ್ ಆಫ್ ಸ್ಪೀಶೀಸ್' ಪುಸ್ತಕದಲ್ಲಿ, ದಕ್ಷಿಣ ಇಂಗ್ಲೆಂಡಿನ ವೀಲ್ಡ್ ಕಣಿವೆ ಸವೆಯಲು 30,66,62,400 ವರ್ಷ ಬೇಕಾಗಿರಬೇಕು ಎಂದು ಲೆಕ್ಕ ಕೊಟ್ಟರು. 500 ಅಡಿ ಎತ್ತರದ ಬಂಡೆಯ ಅಂಚನ್ನು ಸಮುದ್ರ ನೂರು ವರ್ಷಕ್ಕೆ ಒಂದು ಇಂಚು ತಿನ್ನುತ್ತದೆ ಎಂಬ ಊಹೆ ಅದರ ತಳಪಾಯ. ಆ ಒಂದು ಇಂಚಿಗೆ ಗಟ್ಟಿ ಆಧಾರ ಇರಲಿಲ್ಲ. ಟೀಕೆ ಜೋರಾಯಿತು. 1861ರ ಮೂರನೇ ಆವೃತ್ತಿಯಲ್ಲಿ ಡಾರ್ವಿನ್ ಆ ಲೆಕ್ಕವನ್ನೇ ತೆಗೆದುಹಾಕಿದರು.

ಕೆಲ್ವಿನ್ ಹಿಡಿದ ದಾರಿ

ಗ್ಲಾಸ್ಗೋದ ಭೌತವಿಜ್ಞಾನಿ ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಎಂದೇ ಹೆಸರಾದವರು, ಈ ಮುಗಿಯದ ಕಾಲವನ್ನು ಒಪ್ಪಲಿಲ್ಲ. ಬಿಸಿ ವಸ್ತು ಶಾಖ ಕಳೆದುಕೊಳ್ಳುತ್ತಲೇ ಇರುತ್ತದೆ. ಭೂಮಿಯ ಒಳಗೆ ಇನ್ನೂ ಶಾಖ ಇದೆ ಎಂದರೆ, ಅದು ಆರಲು ಶುರುವಾಗಿ ಒಂದು ನಿರ್ದಿಷ್ಟ ಕಾಲ ಆಗಿರಬೇಕು. ಈ ಮಾತು ನ್ಯಾಯವಾಗಿಯೇ ಇತ್ತು.

ಬಿಸಿ ರಾಗಿಮುದ್ದೆಯನ್ನು ನೆನೆಸಿಕೊಳ್ಳಿ. ಮೊದಲು ಹೊರಗಿನ ಪದರ ಆರುತ್ತದೆ. ಒಳಗೆ ಕೈ ಸುಡುವಷ್ಟು ಶಾಖ ಹಾಗೇ ಇರುತ್ತದೆ. ಹೊತ್ತು ಕಳೆದಂತೆ ಆರಿದ ಪದರ ದಪ್ಪವಾಗುತ್ತಾ ಹೋಗುತ್ತದೆ. ಹೊರಗಿನಿಂದ ಒಳಕ್ಕೆ ಹೋದಂತೆ ಶಾಖ ಎಷ್ಟು ಬೇಗ ಏರುತ್ತದೆ ಎಂದು ಅಳೆದರೆ, ಅದನ್ನು ಕಟ್ಟಿ ಎಷ್ಟು ಹೊತ್ತಾಯಿತು ಎಂದು ಹೇಳಬಹುದು. ಕೆಲ್ವಿನ್ ಭೂಮಿಗೆ ಮಾಡಿದ್ದು ಇದನ್ನೇ.

ಅವರಿಗೆ ಬೇಕಾಗಿದ್ದು ಮೂರು ಅಳತೆ. ಶುರುವಿನಲ್ಲಿ ಕಲ್ಲು ಎಷ್ಟು ಬಿಸಿ ಇತ್ತು? 7,000 ಡಿಗ್ರಿ ಫ್ಯಾರನ್‌ಹೀಟ್ ಎಂದು ಹಿಡಿದರು. ಕಲ್ಲಿನಲ್ಲಿ ಶಾಖ ಎಷ್ಟು ಬೇಗ ಹರಿಯುತ್ತದೆ? ಅದನ್ನು ಅಳೆದು ನೋಡಿದ್ದರು. ಆಳಕ್ಕೆ ಹೋದಂತೆ ಶಾಖ ಎಷ್ಟು ಏರುತ್ತದೆ? ಗಣಿಗಳ ಅನುಭವದಿಂದ 50 ಅಡಿಗೆ ಒಂದು ಡಿಗ್ರಿ ಫ್ಯಾರನ್‌ಹೀಟ್ ಎಂದು ತೆಗೆದುಕೊಂಡರು. 1862ರಲ್ಲಿ ಬಂದ ಉತ್ತರ 9.8 ಕೋಟಿ ವರ್ಷ. ಅಳತೆಗಳಲ್ಲಿ ಅನುಮಾನ ಇದ್ದುದರಿಂದ 2 ಕೋಟಿಯಿಂದ 40 ಕೋಟಿವರೆಗೆ ಜಾಗ ಬಿಟ್ಟರು.

ಮೂರನೇ ಅಳತೆ ಎಷ್ಟು ಸೂಕ್ಷ್ಮ ಎಂಬುದಕ್ಕೆ ನಮ್ಮ ಕೋಲಾರದ ಚಿನ್ನದ ಗಣಿ ಒಳ್ಳೆಯ ಉದಾಹರಣೆ. ಅಲ್ಲಿ ಸುಮಾರು 3.2 ಕಿಲೋಮೀಟರ್ ಆಳದಲ್ಲಿ ಕಲ್ಲಿನ ಶಾಖ 60ರಿಂದ 70 ಡಿಗ್ರಿ ಸೆಲ್ಸಿಯಸ್ ನಡುವೆ ಇತ್ತು. ಕೆಲ್ವಿನ್ ಹಿಡಿದ ದರದಲ್ಲೇ ಏರಿದ್ದರೆ 140 ಡಿಗ್ರಿಯ ಆಸುಪಾಸು ಇರಬೇಕಿತ್ತು. ಅವರ ಸೂತ್ರದಲ್ಲಿ ಈ ದರ ಅರ್ಧವಾದರೆ ವಯಸ್ಸು ನಾಲ್ಕು ಪಟ್ಟಾಗುತ್ತದೆ. ಮೂರರಲ್ಲೊಂದಾದರೆ ಒಂಬತ್ತು ಪಟ್ಟು. ಅಂದರೆ ಕೋಲಾರದ ಶಾಖವನ್ನೇ ಹಾಕಿ ಲೆಕ್ಕ ಮಾಡಿದ್ದರೆ ಅದೇ ಸೂತ್ರ ಸುಮಾರು 90 ಕೋಟಿ ವರ್ಷ ಎನ್ನುತ್ತಿತ್ತು. ಪುರಾತನ ನೆಲಗಟ್ಟಿನ ಕಲ್ಲು ತಣ್ಣಗಿರುತ್ತದೆ, ಬೇರೆ ಕಡೆ ಹಾಗಿಲ್ಲ. ಒಂದೇ ಭೂಮಿ, ಎರಡು ಊರು, ಎರಡು ವಯಸ್ಸು.

ಆದರೂ ಕೆಲ್ವಿನ್ ವರ್ಷ ಕಳೆದಂತೆ ಹಿಡಿತ ಬಿಗಿ ಮಾಡುತ್ತಲೇ ಹೋದರು. 1893ರಲ್ಲಿ ಅಮೆರಿಕದ ಕ್ಲಾರೆನ್ಸ್ ಕಿಂಗ್ ಇದೇ ದಾರಿಯಲ್ಲಿ 2.4 ಕೋಟಿ ಎಂದರು. 1897ರ ಹೊತ್ತಿಗೆ ಕೆಲ್ವಿನ್, 2ರಿಂದ 4 ಕೋಟಿ, ಬಹುಶಃ 2 ಕೋಟಿಗೇ ಹತ್ತಿರ ಎಂದು ನಿಂತರು.

ಎಲ್ಲರೂ ಒಪ್ಪಿದ ತಪ್ಪು

ಈ ಕಥೆಯಲ್ಲಿ ಹೆಚ್ಚು ಗಮನ ಕೊಡಬೇಕಾದ ಜಾಗ ಇದು. ಕೆಲ್ವಿನ್ ಹೆಸರಿನ ಭಾರಕ್ಕೆ ಭೂವಿಜ್ಞಾನಿಗಳು ಸುಮ್ನೆ ತಲೆಬಾಗಲಿಲ್ಲ. ತಮ್ಮದೇ ದಾರಿಯಲ್ಲೂ ಲೆಕ್ಕ ಮಾಡಿದರು. ಕೆಲ್ವಿನ್ ಉತ್ತರಕ್ಕೂ ಎರಡು ವರ್ಷ ಮೊದಲೇ, 1860ರಲ್ಲಿ, ಇಂಗ್ಲೆಂಡಿನ ಭೂವಿಜ್ಞಾನಿ ಜಾನ್ ಫಿಲಿಪ್ಸ್ ಕೆಸರಿನ ಲೆಕ್ಕ ಹಿಡಿದಿದ್ದರು. ಕಲ್ಲಿನ ಪದರಗಳ ಒಟ್ಟು ದಪ್ಪ ಎಷ್ಟು, ಅಷ್ಟು ಕೆಸರು ಕೂಡಲು ಎಷ್ಟು ವರ್ಷ ಬೇಕು? ಆ ದರವನ್ನು ಅವರು ನಮ್ಮ ಗಂಗಾ ನದಿ ಹೊತ್ತೊಯ್ಯುವ ಮಣ್ಣಿನಿಂದ ತೆಗೆದರು. ಉತ್ತರ ಸುಮಾರು 9.6 ಕೋಟಿ ವರ್ಷ. 1899ರಲ್ಲಿ ಐರ್ಲೆಂಡಿನ ಜಾನ್ ಜೋಲಿ ಉಪ್ಪಿನ ಲೆಕ್ಕ ಹಿಡಿದರು. ಸಮುದ್ರದಲ್ಲಿರುವ ಒಟ್ಟು ಸೋಡಿಯಂ ಅನ್ನು ನದಿಗಳು ಪ್ರತಿ ವರ್ಷ ತರುವ ಸೋಡಿಯಂನಿಂದ ಭಾಗಿಸಿದರು. ಉತ್ತರ 8ರಿಂದ 9 ಕೋಟಿ.

ಶಾಖ, ಕೆಸರು, ಉಪ್ಪು. ಮೂರು ಬೇರೆ ದಾರಿ, ಮೂರೂ 10 ಕೋಟಿಯ ಹತ್ತಿರ. ಆ ಕಾಲದವರಿಗೆ ಇದು ಭದ್ರವಾದ ಸಾಕ್ಷಿಯಂತೆ ಕಂಡಿದ್ದರಲ್ಲಿ ಆಶ್ಚರ್ಯ ಇಲ್ಲ. ಇವತ್ತು ನೋಡಿದರೆ ಮೂರೂ 40 ಪಟ್ಟಿಗಿಂತ ಜಾಸ್ತಿ ಕಡಿಮೆ ಹೇಳಿದ್ದವು.

ಕೆಸರಿನ ಲೆಕ್ಕದಲ್ಲಿ, ಸವೆದು ಕಾಣೆಯಾದ ಪದರಗಳು ಸೇರಿರಲಿಲ್ಲ. ದರವೂ ಎಲ್ಲ ಕಾಲಕ್ಕೆ ಒಂದೇ ಅಲ್ಲ. ಉಪ್ಪಿನ ಲೆಕ್ಕದಲ್ಲಿ, ಸಮುದ್ರಕ್ಕೆ ಬಂದ ಸೋಡಿಯಂ ಅಲ್ಲೇ ಉಳಿಯುತ್ತದೆ ಎಂಬ ಊಹೆ ತಪ್ಪಾಗಿತ್ತು. ಸಮುದ್ರ ಬತ್ತಿದಲ್ಲಿ ಉಪ್ಪಿನ ಪದರವಾಗಿ, ತಳದ ಜೇಡಿಯಲ್ಲಿ, ಬಿಸಿ ಕಲ್ಲಿನ ಜೊತೆ ಬೆರೆತು, ಅದು ಹೊರಗೂ ಹೋಗುತ್ತಿರುತ್ತದೆ. ಜೋಲಿ ಅಳೆದದ್ದು ಸಮುದ್ರದ ವಯಸ್ಸನ್ನಲ್ಲ, ಸೋಡಿಯಂ ಸಮುದ್ರದಲ್ಲಿ ಸರಾಸರಿ ಎಷ್ಟು ಕಾಲ ಉಳಿಯುತ್ತದೆ ಎಂಬುದನ್ನು. ಇನ್ನೊಂದು ವಿಷಯವೂ ಇದೆ. ಕೆಸರಿನ ದರಕ್ಕೆ ಹತ್ತಾರು ಆಯ್ಕೆ ಇದ್ದವು. ಫಿಲಿಪ್ಸ್ ನಂತರ ಲೆಕ್ಕ ಮಾಡಿದವರಿಗೆ ಕೆಲ್ವಿನ್ ಸಂಖ್ಯೆ ಕಣ್ಣ ಮುಂದೆ ಇದ್ದಾಗ, ಅದಕ್ಕೆ ಹತ್ತಿರ ಬರುವ ದರವೇ 'ಸಮಂಜಸ' ಎನಿಸುವುದು ಸುಲಭ. ಒಂದನ್ನು ನೋಡಿಕೊಂಡು ಇನ್ನೊಂದನ್ನು ಮಾಡಿದಾಗ ಬರುವ ಒಪ್ಪಿಗೆಗೆ ಬೆಲೆ ಕಡಿಮೆ.

ಪೆರ್ರಿಯ ಆಕ್ಷೇಪ

ಕೆಲ್ವಿನ್ ತಪ್ಪನ್ನು ಸರಿಯಾಗಿ ಹಿಡಿದವರು ಜಾನ್ ಪೆರ್ರಿ. ಹಿಂದೆ ಕೆಲ್ವಿನ್ ಅವರ ಸಹಾಯಕರಾಗಿದ್ದ ಎಂಜಿನಿಯರ್. 1894ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಬ್ರಿಟನ್ನಿನ ಮಾಜಿ ಪ್ರಧಾನಿ ಲಾರ್ಡ್ ಸಾಲ್ಸ್‌ಬರಿ, ಕೆಲ್ವಿನ್ ಕೊಟ್ಟ ಕಾಲ ವಿಕಾಸವಾದಕ್ಕೆ ಸಾಲದು ಎಂದು ಭಾಷಣ ಮಾಡಿದರು. ಅದು ಪೆರ್ರಿಯನ್ನು ಯೋಚನೆಗೆ ಹಚ್ಚಿತು. ಲೆಕ್ಕದಲ್ಲಿ ತಪ್ಪಿಲ್ಲ, ಊಹೆಯಲ್ಲಿ ಇರಬೇಕು ಎಂದು ಹುಡುಕಿದರು.

ಕೆಲ್ವಿನ್ ಊಹೆಯಂತೆ ಭೂಮಿ ಒಳಗಿನವರೆಗೂ ಗಟ್ಟಿ, ಅಂದರೆ ಮುದ್ದೆಯಂತೆ. ಒಳಗಿನ ಶಾಖ ಹೊರಗೆ ಬರಬೇಕಾದರೆ ಒಂದು ಕಣದಿಂದ ಇನ್ನೊಂದಕ್ಕೆ ನಿಧಾನವಾಗಿ ದಾಟಬೇಕು. ಆದರೆ ಒಳಗಿನ ವಸ್ತು ಸ್ವಲ್ಪವಾದರೂ ಹರಿಯುವಂತಿದ್ದರೆ? ಆಗ ಆಳದ ಬಿಸಿ ತಾನೇ ಮೇಲಕ್ಕೆ ಬರುತ್ತದೆ, ಮೇಲಿನ ತೆಳು ಪದರದ ಕೆಳಗೆ ಶಾಖ ತುಂಬಿಕೊಡುತ್ತಲೇ ಇರುತ್ತದೆ. ಅಂಥ ಭೂಮಿ ಎಷ್ಟು ಹಳತಾದರೂ ಮೇಲ್ಮೈ ಹತ್ತಿರ ಶಾಖ ಬೇಗ ಏರುವಂತೆಯೇ ಕಾಣುತ್ತದೆ. ಅದನ್ನು ಗಟ್ಟಿ ಭೂಮಿ ಎಂದುಕೊಂಡು ಅಳೆದರೆ ವಯಸ್ಸು ತುಂಬಾ ಕಡಿಮೆ ಬರುತ್ತದೆ. 1895ರ ಜನವರಿಯಲ್ಲಿ 'ನೇಚರ್' ಪತ್ರಿಕೆಯಲ್ಲಿ ಪೆರ್ರಿ ಇದನ್ನು ಬರೆದರು. ಅವರ ಲೆಕ್ಕದಲ್ಲಿ ವಯಸ್ಸು 200ರಿಂದ 300 ಕೋಟಿ ವರ್ಷಕ್ಕೂ ಹೋಗಬಹುದಿತ್ತು.

ಕೆಲ್ವಿನ್ ಒಪ್ಪಲಿಲ್ಲ. ಉಳಿದವರೂ ಇದನ್ನು ಕೈಗೆತ್ತಿಕೊಳ್ಳಲಿಲ್ಲ. ಭೂಮಿಯ ಒಳಪದರ ಗಟ್ಟಿಯಾಗಿದ್ದೂ ಕೋಟಿಗಟ್ಟಲೆ ವರ್ಷದಲ್ಲಿ ನಿಧಾನವಾಗಿ ಹರಿಯುತ್ತದೆ ಎಂದು ವಿಜ್ಞಾನ ಒಪ್ಪಲು ಇನ್ನೂ ಎಷ್ಟೋ ದಶಕ ಬೇಕಾಯಿತು. ಖಂಡಗಳು ಸರಿಯುವುದಕ್ಕೂ ಇದೇ ಕಾರಣ. ಪೆರ್ರಿಯ ಮಾತನ್ನು ಆಗಲೇ ಕೇಳಿದ್ದರೆ ಆ ತಿಳಿವಳಿಕೆ ಬೇಗ ಬರುತ್ತಿತ್ತೇನೋ ಎಂದು ಬೇಸರವಾಗುತ್ತದೆ.

ವಿಕಿರಣ, ಅಂದರೆ ಯುರೇನಿಯಂನಂಥ ಧಾತುಗಳು ತಾವಾಗಿಯೇ ಒಡೆದು ಶಾಖ ಹೊಮ್ಮಿಸುವುದು, ಗೊತ್ತಿಲ್ಲದ್ದರಿಂದ ಕೆಲ್ವಿನ್ ತಪ್ಪಿದರು ಎಂದು ಅನೇಕ ಪುಸ್ತಕಗಳು ಹೇಳುತ್ತವೆ. ಇದು ಅರ್ಧ ಸತ್ಯ. ವಿಕಿರಣದ ಶಾಖವನ್ನು ಅವರ ಗಟ್ಟಿ ಭೂಮಿಗೆ ಸೇರಿಸಿದರೂ ಉತ್ತರ ಹೆಚ್ಚು ಬದಲಾಗುವುದಿಲ್ಲ ಎಂದು 2007ರಲ್ಲಿ ಫಿಲಿಪ್ ಇಂಗ್ಲೆಂಡ್, ಪೀಟರ್ ಮೊಲ್ನಾರ್, ಫ್ರಾಂಕ್ ರಿಕ್ಟರ್ ತೋರಿಸಿದರು. ಅಷ್ಟು ಕಾಲದಲ್ಲಿ ಮೇಲಿನ ತೆಳು ಪದರದ ಶಾಖ ಮಾತ್ರ ಹೊರಬರಲು ಸಾಧ್ಯ. ನಿಜವಾದ ತಪ್ಪು ಪೆರ್ರಿ ಹೇಳಿದಲ್ಲೇ ಇತ್ತು.

ಹೊಸ ಅಳತೆಗೋಲು

ವಿಕಿರಣದ ದೊಡ್ಡ ಕೊಡುಗೆ ಬೇರೆಯದು. ಯುರೇನಿಯಂ ಒಂದು ನಿಶ್ಚಿತ ದರದಲ್ಲಿ ಸೀಸವಾಗಿ ಬದಲಾಗುತ್ತದೆ. ಶಾಖ, ಒತ್ತಡ, ಮಳೆ, ಗಾಳಿ ಯಾವುದೂ ಆ ದರವನ್ನು ಬದಲಿಸುವುದಿಲ್ಲ. ನದಿಯ ಕೆಸರಿಗೂ ಕಡಲ ಉಪ್ಪಿಗೂ ಇರದ ಗುಣ ಇದು. 1907ರಲ್ಲಿ ಅಮೆರಿಕದ ಬರ್ಟ್ರಾಂ ಬೋಲ್ಟ್‌ವುಡ್ ಖನಿಜಗಳಲ್ಲಿ ಸೀಸ–ಯುರೇನಿಯಂ ಪ್ರಮಾಣ ಅಳೆದು 41 ಕೋಟಿಯಿಂದ 220 ಕೋಟಿ ವರ್ಷದವರೆಗೆ ವಯಸ್ಸು ಕೊಟ್ಟರು. 1911ರಲ್ಲಿ, 21 ವರ್ಷದ ಆರ್ಥರ್ ಹೋಮ್ಸ್ ಇದನ್ನು ಕಲ್ಲಿನ ಪದರಗಳ ಕಾಲಕ್ರಮಕ್ಕೆ ಜೋಡಿಸಲು ಶುರು ಮಾಡಿದರು.

ಆಗ ಭೂವಿಜ್ಞಾನಿಗಳೇ ಹಿಂಜರಿದರು. ವರ್ಷಗಟ್ಟಲೆ ಕಷ್ಟಪಟ್ಟು 10 ಕೋಟಿಗೆ ಹೊಂದಿಸಿಕೊಂಡಿದ್ದರು. ಭೌತವಿಜ್ಞಾನಿಗಳು ಮೊದಲು ಕಾಲ ಕಿತ್ತುಕೊಂಡರು, ಈಗ ಹತ್ತಾರು ಪಟ್ಟು ಕೊಡುತ್ತಿದ್ದಾರೆ. ಯಾವುದನ್ನು ನಂಬುವುದು? ಸಂದೇಹಕ್ಕೆ ಕಾರಣವೂ ಇತ್ತು. ಕಲ್ಲಿನಲ್ಲಿ ಮೊದಲೇ ಇದ್ದ ಸೀಸ ಎಷ್ಟು, ಆಮೇಲೆ ಹುಟ್ಟಿದ್ದು ಎಷ್ಟು ಎಂದು ಆಗ ಬೇರ್ಪಡಿಸಲು ಬರುತ್ತಿರಲಿಲ್ಲ. ಐಸೋಟೋಪ್‌ಗಳ, ಅಂದರೆ ಒಂದೇ ಧಾತುವಿನ ಬೇರೆ ಬೇರೆ ತೂಕದ ರೂಪಗಳ, ತಿಳಿವಳಿಕೆ ಬಂದ ಮೇಲೆ ಅದು ಸಾಧ್ಯವಾಯಿತು.

ಕೊನೆಯ ತೊಡಕು ಇನ್ನೂ ಇತ್ತು. ಭೂಮಿ ಹುಟ್ಟಿದಾಗಿನ ಸೀಸ ಹೇಗಿತ್ತು ಎಂದು ತಿಳಿಯುವುದು ಹೇಗೆ? ಅಮೆರಿಕದ ಕ್ಲೇರ್ ಪ್ಯಾಟರ್ಸನ್ ಉತ್ತರವನ್ನು ಉಲ್ಕೆಯಲ್ಲಿ ಹುಡುಕಿದರು. ಅರಿಜೋನಾದಲ್ಲಿ ಬಿದ್ದ ಕ್ಯಾನ್ಯನ್ ಡಯಾಬ್ಲೊ ಕಬ್ಬಿಣದ ಉಲ್ಕೆಯ ಒಂದು ಖನಿಜದಲ್ಲಿ ಯುರೇನಿಯಂ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಅದರಲ್ಲಿರುವ ಸೀಸ ಸೌರವ್ಯೂಹ ಹುಟ್ಟಿದಾಗಿನದೇ. 1956ರಲ್ಲಿ ಅವರು ಪ್ರಕಟಿಸಿದ ವಯಸ್ಸು 455 ಕೋಟಿ, ಹೆಚ್ಚುಕಡಿಮೆ 7 ಕೋಟಿ. ಈ ಕೆಲಸಕ್ಕೆ ಅವರು ಧೂಳೇ ಇಲ್ಲದ ಪ್ರಯೋಗಾಲಯ ಕಟ್ಟಬೇಕಾಯಿತು. ಗಾಳಿಯಲ್ಲೇ ಸೀಸ ತುಂಬಿತ್ತು, ಬಹಳ ಮಟ್ಟಿಗೆ ಪೆಟ್ರೋಲಿನಿಂದ. ಅದನ್ನು ಕಂಡ ಪ್ಯಾಟರ್ಸನ್ ಮುಂದೆ ಸೀಸದ ಪೆಟ್ರೋಲಿನ ವಿರುದ್ಧ ವರ್ಷಗಟ್ಟಲೆ ಹೋರಾಡಿದರು. ಭಾರತದಲ್ಲಿ ಅದು ನಿಂತಿದ್ದು 2000ದಲ್ಲಿ.

ಇಲ್ಲಿ ಇನ್ನೊಂದು ಮಾತು ಹೇಳಬೇಕು. ಪುರಾಣದ ಲೆಕ್ಕದಲ್ಲಿ ಬ್ರಹ್ಮನ ಒಂದು ಹಗಲು 432 ಕೋಟಿ ವರ್ಷ. ಇದು 454 ಕೋಟಿಗೆ ಹತ್ತಿರ ಇದೆ ಎಂದು ಆಗಾಗ ಸಂದೇಶಗಳು ಓಡಾಡುತ್ತವೆ. ಅಷ್ಟು ದೊಡ್ಡ ಕಾಲವನ್ನು ಕಲ್ಪಿಸಿಕೊಂಡಿದ್ದು ನಿಜಕ್ಕೂ ದೊಡ್ಡ ವಿಷಯ. ಆದರೆ ಅದು ಯುಗಗಳ ಗುಣಾಕಾರದಿಂದ ಬಂದ ಸಂಖ್ಯೆ. ಕಲ್ಲನ್ನೋ ಉಲ್ಕೆಯನ್ನೋ ಅಳೆದು ಬಂದದ್ದಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು.

ಹಾಗಾದರೆ 416 ಕೋಟಿ ಏನು ಹೇಳುತ್ತದೆ?

ಭೂಮಿ ತನ್ನ ಹಳೆಯ ಕಲ್ಲನ್ನು ಕರಗಿಸುತ್ತಲೇ ಇರುತ್ತದೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆ ಸುಮಾರು 300 ಕೋಟಿ ವರ್ಷದ್ದು. ಹಾಸನದ ಗೊರೂರಿನ ಕಡೆ ಇನ್ನೂ ಹಳೆಯ, ಸುಮಾರು 330 ಕೋಟಿ ವರ್ಷದ ಕಲ್ಲಿದೆ. ಇವು ಹುಟ್ಟುವ ಮೊದಲೇ ಭೂಮಿಗೆ ನೂರು ಕೋಟಿಗೂ ಹೆಚ್ಚು ವರ್ಷ ಆಗಿತ್ತು. ಆ ಮೊದಲ ಕಾಲದ ಕಲ್ಲು ಉಳಿದಿರುವುದೇ ಅಪರೂಪ. ಕೆನಡಾದ ಅಕಾಸ್ಟಾ ಶಿಲೆ ಸುಮಾರು 403 ಕೋಟಿ ವರ್ಷದ್ದು. ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ನಲ್ಲಿ 440 ಕೋಟಿ ವರ್ಷದ ಜಿರ್ಕಾನ್ ಹರಳು ಸಿಕ್ಕಿದೆ. ಆದರೆ ಅದು ಬರೀ ಹರಳು, ಇಡೀ ಕಲ್ಲಲ್ಲ.

ನುವ್ವುಆಗಿಟ್ಟುಕ್ ಜಗಳಕ್ಕೂ ಮೂಲ ಒಂದು ಊಹೆಯೇ. ಅಲ್ಲಿನ ಹಳೆಯ ಜ್ವಾಲಾಮುಖಿ ಕಲ್ಲಿನಲ್ಲಿ ಅಳೆಯಲು ಯೋಗ್ಯವಾದ ಜಿರ್ಕಾನ್ ಸಿಗುವುದು ಕಷ್ಟ. ಹಾಗಾಗಿ ಸಮೇರಿಯಂ ಎಂಬ ಧಾತು ನಿಯೋಡಿಮಿಯಂ ಎಂಬ ಇನ್ನೊಂದು ಧಾತುವಾಗಿ ಬದಲಾಗುವುದನ್ನು ಅಳೆಯುತ್ತಾರೆ. ಕಲ್ಲು ಹುಟ್ಟಿದ ಮೇಲೆ ಈ ಧಾತುಗಳು ಬೆರಕೆ ಆಗಿಲ್ಲ ಎಂಬುದು ಒಂದು ಪಕ್ಷದ ನಂಬಿಕೆ. ಇನ್ನೊಂದು ಪಕ್ಷ, ಈ ಗುರುತು ಇನ್ನೂ ಹಳೆಯ, ಈಗ ಕಾಣೆಯಾಗಿರುವ ಕಲ್ಲಿನಿಂದ ಬಂದಿದೆ, ಈ ಕಲ್ಲು ಹುಟ್ಟಿದ್ದು ಆಮೇಲೆ ಎನ್ನುತ್ತದೆ.

2025ರ ಅಧ್ಯಯನ ಆ ಕಲ್ಲನ್ನು ಸೀಳಿ ಒಳನುಗ್ಗಿದ ಇನ್ನೊಂದು ಕಲ್ಲನ್ನು ಅಳೆಯಿತು. ಸಮೇರಿಯಂನ ಎರಡು ಐಸೋಟೋಪ್‌ಗಳು ಬೇರೆ ಬೇರೆ ವೇಗದಲ್ಲಿ ಬದಲಾಗುತ್ತವೆ. ಒಂದು ಭೂಮಿಯ ಮೊದಲ ಕೆಲವು ಹತ್ತು ಕೋಟಿ ವರ್ಷಗಳಲ್ಲೇ ಮುಗಿದುಹೋಗಿದೆ. ಇನ್ನೊಂದು ಇವತ್ತಿಗೂ ನಡೆಯುತ್ತಿದೆ. ಎರಡೂ ಸುಮಾರು 416 ಕೋಟಿ ಎಂದವು. ಒಳನುಗ್ಗಿದ ಕಲ್ಲೇ ಇಷ್ಟು ಹಳತಾದರೆ, ಅದಕ್ಕೆ ಜಾಗ ಕೊಟ್ಟ ಕಲ್ಲು ಇನ್ನೂ ಹಳತಾಗಿರಬೇಕು. ಈ ವಾದ ಹಿಂದಿನದಕ್ಕಿಂತ ಬಲವಾಗಿದೆ ಎಂದೇ ನನಗೆ ಅನಿಸುತ್ತದೆ. ಆದರೆ ಎರಡೂ ಅಳತೆ ಒಂದೇ ಜೋಡಿ ಧಾತುಗಳದ್ದು. ಯುರೇನಿಯಂ–ಸೀಸದಂಥ ಬೇರೆ ಅಳತೆಯೂ ಇದನ್ನೇ ಹೇಳಿದರೆ ಮಾತ್ರ ಎದುರಿನವರು ಒಪ್ಪಬಹುದು.

ಇದರ ಪರಿಣಾಮ ಸಣ್ಣದಲ್ಲ. ಇದೇ ಜಾಗದಲ್ಲಿ ಸೂಕ್ಷ್ಮಜೀವಿಗಳ ಕುರುಹು ಇದೆ ಎಂದು 2017ರಲ್ಲಿ ಒಂದು ತಂಡ ಹೇಳಿತ್ತು. ಅದೂ ವಿವಾದದಲ್ಲಿದೆ. ಕುರುಹು ನಿಜವಾಗಿ, ಕಲ್ಲೂ 416 ಕೋಟಿಗಿಂತ ಹಳತಾದರೆ, ಭೂಮಿ ಹುಟ್ಟಿ 40 ಕೋಟಿ ವರ್ಷದೊಳಗೇ ಜೀವ ಇತ್ತು ಎಂದಾಗುತ್ತದೆ. ಕಲ್ಲು 380 ಕೋಟಿಯದ್ದಾದರೆ ಆ ಮಾತು ನಿಲ್ಲುವುದಿಲ್ಲ.

454 ಕೋಟಿಯೊಳಗಿನ ಚರ್ಚೆ

ಭೂಮಿಯ ವಯಸ್ಸು ಮಾತ್ರ ಇದರಿಂದ ಕದಲುವುದಿಲ್ಲ. ಅದು ಭೂಮಿಯ ಯಾವುದೇ ಒಂದು ಕಲ್ಲಿನ ಮೇಲೆ ನಿಂತಿಲ್ಲ. ಈಗ ಉಳಿದಿರುವ ಪ್ರಶ್ನೆ, 'ಹುಟ್ಟು' ಎಂದರೆ ಯಾವ ಕ್ಷಣ ಎಂಬುದು. ಉಲ್ಕೆಗಳಲ್ಲಿನ ಅತಿ ಹಳೆಯ ಕಣಗಳು 456.7 ಕೋಟಿ ವರ್ಷದವು. ಅಲ್ಲಿಂದ ಶುರುವಾಗಿ ಭೂಮಿ ಈಗಿನ ಗಾತ್ರಕ್ಕೆ ಬರಲು ಕೋಟಿಗಟ್ಟಲೆ ವರ್ಷ ಹಿಡಿಯಿತು. ಒಂದು ದೊಡ್ಡ ಕಾಯ ಬಂದು ಬಡಿದು ಚಂದ್ರ ಹುಟ್ಟಿದ್ದೇ ಆ ಬೆಳವಣಿಗೆಯ ಕೊನೆಯ ಘಟ್ಟ ಎಂದು ಹೆಚ್ಚಿನವರು ನಂಬುತ್ತಾರೆ. ಚಂದ್ರನ ಅನೇಕ ಕಲ್ಲುಗಳು ಸುಮಾರು 435 ಕೋಟಿ ಎನ್ನುತ್ತವೆ. ಕೆಲವು ಜಿರ್ಕಾನ್ ಹರಳುಗಳು ಅದಕ್ಕಿಂತ ಹಳೆಯವು. ಭೂಮಿಯ ಸೆಳೆತಕ್ಕೆ ಸಿಕ್ಕಿ ಚಂದ್ರ 435 ಕೋಟಿ ವರ್ಷದ ಹಿಂದೆ ಮತ್ತೆ ಕರಗಿತು, ಆ ಕಲ್ಲುಗಳು ತೋರಿಸುವುದು ಹುಟ್ಟನ್ನಲ್ಲ, ಆ ಕರಗುವಿಕೆಯನ್ನು ಎಂದು 2024ರ ಡಿಸೆಂಬರ್‌ನಲ್ಲಿ ಫ್ರಾನ್ಸಿಸ್ ನಿಮ್ಮೊ ಮತ್ತು ಸಂಗಡಿಗರು 'ನೇಚರ್'ನಲ್ಲಿ ವಾದಿಸಿದರು. ಅವರು ಹೇಳಿದ್ದು ಸರಿಯಾದರೆ ಚಂದ್ರ ಇನ್ನೂ ಹತ್ತು ಕೋಟಿಗೂ ಹೆಚ್ಚು ವರ್ಷ ಹಳಬ. ಭೂಮಿ ಪೂರ್ತಿಯಾದ ಕಾಲವೂ ಅಷ್ಟೇ ಹಿಂದಕ್ಕೆ ಸರಿಯುತ್ತದೆ.